ಕೌಟಿಲ್ಯನ ಉಗ್ರಾಣದಲ್ಲಿ ಇಲ್ಲದ ಖಾರ: ಚಾಣಕ್ಯಪುರಿಯಿಂದ ನೋಡಿದ ಮೆಣಸಿನಕಾಯಿಯ ಚರಿತ್ರೆ

ದೆಹಲಿಯ ಕರ್ನಾಟಕ ಭವನ ಇರುವುದು ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದಲ್ಲಿ. ತಮಿಳುನಾಡು ಭವನ, ಗುಜರಾತ್ ಭವನಗಳು ಅದರ ನೆರೆಹೊರೆ. ಭವನದ ಹೊಸ ಕಟ್ಟಡ ‘ಕಾವೇರಿ’ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. 1950ರ ದಶಕದಲ್ಲಿ ವಿದೇಶಿ ರಾಯಭಾರ ಕಚೇರಿಗಳಿಗೆಂದೇ ಕಟ್ಟಿದ ಈ ಬಡಾವಣೆಗೆ ರಾಜನೀತಿಯ ಗುರುವಿನ ಹೆಸರಿಟ್ಟದ್ದು ತಕ್ಕದ್ದೇ. ಆದರೆ ಊಟದ ಚರಿತ್ರೆಯನ್ನು ಹುಡುಕುವವನಿಗೆ ಈ ವಿಳಾಸದಲ್ಲಿ ಒಂದು ತಮಾಷೆ ಕಾಣುತ್ತದೆ. ಕನ್ನಡಿಗರ ಎಲೆಯಲ್ಲಿ ಸಾರು, ಹುಳಿ, ಪಲ್ಯ, ಚಟ್ನಿ, ಉಪ್ಪಿನಕಾಯಿ ಯಾವುದೂ ಮೆಣಸಿನಕಾಯಿಯ ಹಂಗಿಲ್ಲದೆ ಬರುವುದಿಲ್ಲ. ಆ ರಸ್ತೆಗೆ ಹೆಸರು ಕೊಟ್ಟವನೋ ಖಾರದ ಪದಾರ್ಥಗಳ ಪಟ್ಟಿಯನ್ನೇ ಬರೆದಿಟ್ಟುಹೋಗಿದ್ದಾನೆ. ಅದರಲ್ಲಿ ಮೆಣಸಿನಕಾಯಿಯ ಸುಳಿವೇ ಇಲ್ಲ.

ಇಲ್ಲದ್ದು ಆಶ್ಚರ್ಯವಲ್ಲ. ಕ್ಯಾಪ್ಸಿಕಂ ಕುಲದ ಕಾಡು ಗಿಡಗಳೆಲ್ಲ ಅಮೆರಿಕ ಖಂಡಗಳವು. 1492ಕ್ಕೆ ಮೊದಲು ಹಳೆಯ ಜಗತ್ತಿನ ಯಾವ ಅಡಿಗೆಮನೆಗೂ ಅದು ಬರುವ ದಾರಿಯಿರಲಿಲ್ಲ. ಇದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಈ ಲೇಖನದ ಪ್ರಶ್ನೆ ಬೇರೆ. ಖಾರ ಮೊದಲೂ ಇತ್ತು. ಆದರೆ ಅದನ್ನು ಬೇಕೆಂದು, ಬಾಯಿ ಉರಿಸಿಕೊಂಡು, ಕಣ್ಣೀರು ಒರೆಸಿಕೊಂಡು, ಮತ್ತೊಮ್ಮೆ ಬಡಿಸಿಕೊಂಡು ತಿನ್ನುವ ಗೀಳು ನಮಗೆ ಯಾವಾಗ ಅಂಟಿತು? ನನ್ನ ವಾದ ಇಷ್ಟು: ಕೌಟಿಲ್ಯನ ಕಾಲದಲ್ಲಿ ಖಾರ ಉಗ್ರಾಣದಲ್ಲಿಟ್ಟು ತೂಗಿ ಕೊಡುವ ಸರಕಾಗಿತ್ತು, ಅದು ಹಿತ್ತಲಿಗೆ ಇಳಿದ ಮೇಲೆಯೇ ನಾಲಗೆಯ ಚಪಲವಾಯಿತು. ಆ ಇಳಿತಕ್ಕೆ ಕಾರಣ ಮೆಣಸಿನಕಾಯಿ.

ಉಗ್ರಾಣದ ಪಟ್ಟಿ

ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಹದಿನೈದನೆಯ ಅಧ್ಯಾಯ ಕೋಷ್ಠಾಗಾರದ ಅಧ್ಯಕ್ಷನಿಗೆ ಮೀಸಲು. ರಾಜ್ಯದ ಉಗ್ರಾಣದಲ್ಲಿ ಏನೇನು ಇರಬೇಕು, ಎಷ್ಟು ಬಂದರೆ ಎಷ್ಟು ಉಳಿಯುತ್ತದೆ, ಕುಟ್ಟಿದರೆ ಎಷ್ಟು, ಬೇಯಿಸಿದರೆ ಎಷ್ಟು ಎಂಬ ಲೆಕ್ಕ ಅಲ್ಲಿದೆ. ಎಣ್ಣೆ–ತುಪ್ಪಗಳದೊಂದು ವರ್ಗ, ಬೆಲ್ಲ–ಸಕ್ಕರೆಗಳದೊಂದು, ಉಪ್ಪುಗಳದೊಂದು, ಹುಳಿ ಹಣ್ಣುಗಳದೊಂದು. ಕೊನೆಗೆ ಕಟುಕವರ್ಗ: ಹಿಪ್ಪಲಿ, ಕರಿಮೆಣಸು, ಶುಂಠಿ, ಜೀರಿಗೆ, ಕಿರಾತಕಡ್ಡಿ, ಬಿಳಿ ಸಾಸಿವೆ, ಕೊತ್ತಂಬರಿ, ಚೋರಕ, ದವನ, ಮರುಗ, ನುಗ್ಗೆ. ದವನ, ಮರುಗಗಳನ್ನು ಇಂದು ನಾವು ಹೂವಿನ ಜೊತೆ ಕಟ್ಟಿ ಮುಡಿಯುತ್ತೇವೆಯೇ ಹೊರತು ಖಾರದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಆ ಕಾಲದ ‘ಕಟು’ ಬರೀ ಬಾಯಿ ಸುಡುವ ಗುಣವಲ್ಲ, ಮೂಗಿಗೆ ಹತ್ತುವ ಘಮಲೂ ಅದರಲ್ಲಿ ಸೇರಿತ್ತು.

ಪಟ್ಟಿಗಿಂತ ಮುಖ್ಯವಾದದ್ದು ಅದೇ ಅಧ್ಯಾಯದ ಪ್ರಮಾಣ. ಇಪ್ಪತ್ತು ಪಲ ಮಾಂಸ ಬೇಯಿಸಲು ಅರ್ಧ ಕುಡುಬ ಎಣ್ಣೆ ಅಥವಾ ತುಪ್ಪ, ಒಂದು ಪಲ ಉಪ್ಪು, ಒಂದು ಪಲ ಬೆಲ್ಲದ ವರ್ಗದ್ದು, ಎರಡು ಧರಣ ಕಟುಕ, ಅರ್ಧ ಪ್ರಸ್ಥ ಮೊಸರು. ಹತ್ತು ಧರಣಕ್ಕೆ ಒಂದು ಪಲವೆಂದು ಅದೇ ಗ್ರಂಥದ ತೂಕದ ಅಧ್ಯಾಯ ಹೇಳುತ್ತದೆ. ಆ ಲೆಕ್ಕ ಹಿಡಿದರೆ ಮಾಂಸದ ತೂಕದ ನೂರನೆಯ ಒಂದು ಭಾಗ ಮಾತ್ರ ಖಾರ. ಉಪ್ಪು ಅದರ ಐದು ಪಟ್ಟು, ಸಿಹಿಯೂ ಐದು ಪಟ್ಟು. ಒಂದು ಕಿಲೋ ಮಾಂಸಕ್ಕೆ ಹತ್ತು ಗ್ರಾಂ ಮೆಣಸು–ಶುಂಠಿ–ಜೀರಿಗೆ ಎಲ್ಲ ಸೇರಿ! ಕಲಬುರಗಿಯ ಯಾವ ಅಡಿಗೆಯವರಾದರೂ ಇದನ್ನು ಪಥ್ಯದ ಊಟ ಎಂದು ನಕ್ಕಾರು. ಇದು ಅರಮನೆಯ ಉಗ್ರಾಣದ ಅಳತೆ, ಜನರೆಲ್ಲ ಹೀಗೇ ತಿನ್ನುತ್ತಿದ್ದರೆಂದು ಹೇಳಲಾಗದು ಎಂಬ ಆಕ್ಷೇಪಕ್ಕೆ ಜಾಗವಿದೆ. ಆದರೂ ಖಾರವನ್ನು ಧರಣದ ಲೆಕ್ಕದಲ್ಲಿ ತೂಗುತ್ತಿದ್ದರೆಂಬುದೇ ಅದರ ಬೆಲೆಯನ್ನು ಹೇಳುತ್ತದೆ. ಧರಣ ಬೆಳ್ಳಿಯನ್ನು ತೂಗುವ ಅಳತೆಯೂ ಹೌದು.

ಈ ಪಟ್ಟಿ ಇಂದಿನ ಓದುಗರ ಕೈಗೆ ಸಿಕ್ಕಿದ್ದು ಮೈಸೂರಿನಿಂದ. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಪ್ರತಿಯನ್ನು ಒಪ್ಪಿಸಿದರು. ಹಾಸನ ಜಿಲ್ಲೆಯ ರುದ್ರಪಟ್ಟಣದಿಂದ ಬಂದಿದ್ದ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಅದು ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಸಂಸ್ಕೃತ ಪಾಠವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದಾಗಿ ಅರ್ಧ ಶತಮಾನದೊಳಗೆ ಚಾಣಕ್ಯಪುರಿ ಎದ್ದಿತು. ರುದ್ರಪಟ್ಟಣದ ಶಾಸ್ತ್ರಿಗಳ ಹೆಸರಿನ ಒಂದು ಗಲ್ಲಿಯಾದರೂ ಅಲ್ಲಿರಬೇಕಿತ್ತು ಎಂದು ನನಗನ್ನಿಸುತ್ತದೆ. ಅದು ಬೇರೆ ಮಾತು. ಗ್ರಂಥದ ಕಾಲದ ಜಗಳ ಇನ್ನೂ ತೀರಿಲ್ಲ. ಕ್ರಿ.ಪೂ. 4ನೆಯ ಶತಮಾನವೆನ್ನುವವರಿಂದ ಹಿಡಿದು ಕ್ರಿ.ಶ. 3ನೆಯ ಶತಮಾನದವರೆಗೆ ಎಳೆಯುವವರಿದ್ದಾರೆ. ನಮ್ಮ ಪ್ರಶ್ನೆಗೆ ಅದರಿಂದ ಬಾಧೆಯಿಲ್ಲ.

ಕನ್ನಡದ ಪಾಕಶಾಸ್ತ್ರಗಳ ಸಾಕ್ಷಿ

ಕನ್ನಡ ನಾಡಿನ ಮಟ್ಟಿಗೆ ಮೆಣಸಿನಕಾಯಿಯ ಹಿಂದಿನ ಅಡಿಗೆಯನ್ನು ತಿಳಿಯಲು ಮೂರು ಗ್ರಂಥಗಳು ಸಾಲುಗಟ್ಟಿ ನಿಂತಿವೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಸುಮಾರು 1025ರದು. ನೀರು, ಬೇಸಾಯ, ವೈದ್ಯಗಳ ಜೊತೆ ಅಡಿಗೆಯೂ ಅದರಲ್ಲಿದೆ. ಕಲ್ಯಾಣ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ 1130ರ ಆಸುಪಾಸಿನದು. ಮುಮ್ಮಡಿ ಮಂಗರಸನ ಕನ್ನಡ ‘ಸೂಪಶಾಸ್ತ್ರ’ ಸುಮಾರು 1508ರದು. ಐನೂರು ವರ್ಷಗಳ ಅಂತರ. ಖಾರದ ಡಬ್ಬಿ ಮಾತ್ರ ಹೆಚ್ಚು ಬದಲಾಗಿಲ್ಲ. ಕರಿಮೆಣಸು, ಶುಂಠಿ, ಹಿಪ್ಪಲಿ, ಸಾಸಿವೆ, ಇಂಗು. ಸೋಮೇಶ್ವರನ ಅನ್ನಭೋಗದಲ್ಲಿ ಬರುವ ಇಡ್ಡರಿಕೆಗೆ, ಅಂದರೆ ನಮ್ಮ ಇಡ್ಲಿಯ ಹಿರಿಯಳಿಗೆ, ಮೆಣಸು, ಜೀರಿಗೆ, ಇಂಗಿನ ಪುಡಿ ಉದುರಿಸುತ್ತಿದ್ದರು.

ಮಂಗರಸನ ಕಾಲವನ್ನು ಗಮನಿಸಬೇಕು. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಇಳಿದು ಹತ್ತು ವರ್ಷವಾಗಿತ್ತು. ಅಲ್ಬುಕರ್ಕ್ ಗೋವೆಯನ್ನು ಹಿಡಿಯಲು ಇನ್ನೆರಡು ವರ್ಷವಿತ್ತು. ಮೆಣಸಿನಕಾಯಿಯಿಲ್ಲದ ಕನ್ನಡ ಅಡಿಗೆಯ ಕೊನೆಯ ದೊಡ್ಡ ದಾಖಲೆ ಅದೇ. ಇಲ್ಲಿ ಸಂಶೋಧಕರು ಎಡವುವ ಒಂದು ಜಾಗವನ್ನು ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಕಾವ್ಯ, ಶಾಸನಗಳಲ್ಲಿ ‘ಮೆಣಸು’ ಎಂದು ಕಂಡಾಗ ಅದು ಬಳ್ಳಿಯ ಕಾಳುಮೆಣಸು. ಹೊಸ ಕಾಯಿ ಬಂದಾಗ ಜನ ಹಳೆಯ ಹೆಸರನ್ನೇ ಅದಕ್ಕೂ ಹೊದಿಸಿದರು. ತಮಿಳರೂ ತೆಲುಗರೂ ಹಿಂದಿಯವರೂ ಮಾಡಿದ್ದು ಇದನ್ನೇ. ದಕ್ಷಿಣ ಕನ್ನಡದಲ್ಲಿ ಬರೀ ‘ಮೆಣಸು’ ಎಂದರೆ ಈಗ ಮೆಣಸಿನಕಾಯಿ. ಮೂಲದ ಒಡತಿ ‘ಒಳ್ಳೆಮೆಣಸು’ ಎಂದು ಕರೆಸಿಕೊಳ್ಳಬೇಕಾಗಿ ಬಂದಿದೆ. ಬಂದವಳು ಯಜಮಾನಿತಿಯಾದಳು.

ಕಡಲ ದಾರಿ

ಕೊಲಂಬಸ್‌ನ ಎರಡನೆಯ ಯಾನದಲ್ಲಿದ್ದ ವೈದ್ಯ ಚಾಂಕಾ 1494ರಲ್ಲಿ ಬರೆದ ಓಲೆಯಲ್ಲಿ, ಕೆರಿಬಿಯನ್ ದ್ವೀಪಗಳ ಜನ ಊಟಕ್ಕೆ ಬಳಸುವ ಖಾರದ ಕಾಯಿಯ ಮಾತಿದೆ. ಅಲ್ಲಿಂದ ಅರ್ಧ ಶತಮಾನದೊಳಗೆ ಗೊಂದಲ ಎಷ್ಟು ಬೆಳೆಯಿತೆಂದರೆ, 1542ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಲಿಯೋನ್‌ಹಾರ್ಟ್ ಫುಕ್ಸ್‌ನ ಸಸ್ಯಗ್ರಂಥ ಮೆಣಸಿನಕಾಯಿ ಗಿಡದ ಸೊಗಸಾದ ಚಿತ್ರಗಳನ್ನು ಕೊಟ್ಟು ಅದನ್ನು ‘ಕಲ್ಲಿಕೋಟೆಯ ಮೆಣಸು’ ಎಂದು ಕರೆಯಿತು. ಅಮೆರಿಕದ ಗಿಡಕ್ಕೆ ಮಲಬಾರಿನ ವಿಳಾಸ! ಭಾರತದಲ್ಲಿ 1542ರ ಹೊತ್ತಿಗೇ ಇಷ್ಟಿಷ್ಟು ಬಗೆಯ ಮೆಣಸಿನಕಾಯಿ ಬೆಳೆಯುತ್ತಿತ್ತು ಎಂಬ ಮಾತನ್ನು ಅನೇಕ ಪುಸ್ತಕಗಳು ಒಂದರಿಂದೊಂದು ಎತ್ತಿಕೊಂಡಿವೆ. ಆ ಇಸವಿ ಫುಕ್ಸ್‌ನ ಗ್ರಂಥದ್ದೂ ಹೌದಾದ್ದರಿಂದ ನಾನು ಅದನ್ನು ಎಚ್ಚರದಿಂದಲೇ ಓದುತ್ತೇನೆ. ಗೋವೆಯಲ್ಲೇ ಬಾಳಿದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಔಷಧಿ ಸಂವಾದಗಳಲ್ಲಿ ಕರಿಮೆಣಸಿಗೆ ವಿಸ್ತಾರವಾದ ಜಾಗವಿದೆ, ಮೆಣಸಿನಕಾಯಿಗೆ ಒಂದು ಅಧ್ಯಾಯವೂ ಇಲ್ಲ. ವ್ಯಾಪಾರಿಗಳ ಕಣ್ಣಿಗೆ ಅದು ಬೀಳದಿದ್ದುದಕ್ಕೆ ಕಾರಣ ಸರಳ: ಅದನ್ನು ಮಾರಿ ಯಾರೂ ಶ್ರೀಮಂತರಾಗುವಂತಿರಲಿಲ್ಲ. ಯಾರ ಹಿತ್ತಲಲ್ಲಿ ಬಿತ್ತಿದರೂ ಬರುವ ಕಾಯಿಗೆ ಹಡಗು ಕಟ್ಟುವವರು ಯಾರು?

ಹಡಗು ಬರುತ್ತಿದ್ದುದು ಕರಿಮೆಣಸಿಗೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಶರಾವತಿ ಕಣಿವೆಯ ಮೆಣಸು ಹೊನ್ನಾವರ, ಭಟ್ಕಳಗಳ ಮೂಲಕ ಲಿಸ್ಬನ್‌ಗೆ ಹೋಗುತ್ತಿದ್ದ ಅದೇ ದಶಕಗಳಲ್ಲಿ, ಅದೇ ಜನರ ಹಡಗುಗಳು ಬ್ರೆಜಿಲಿನಿಂದ, ಆಫ್ರಿಕದ ಕರಾವಳಿಯಿಂದ ತಂದ ಬೀಜಗಳು ಇತ್ತ ಕಡೆ ಸದ್ದಿಲ್ಲದೆ ಮೊಳೆಯುತ್ತಿದ್ದವು. ತನ್ನ ರಾಜ್ಯದ ಐಶ್ವರ್ಯಕ್ಕೆ ಮುಂದೆ ಮನೆಮನೆಯಲ್ಲೂ ಪ್ರತಿಸ್ಪರ್ಧಿಯಾಗುವ ಗಿಡ ಅದೆಂದು ರಾಣಿಗೆ ತಿಳಿಯುವ ಸಂಭವವಿರಲಿಲ್ಲ.

ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಮೇಲೊಂದು ಹಾಡಿದೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಚರಿತ್ರಕಾರ ಕೆ.ಟಿ. ಅಚಯ ಅವರು ತಮ್ಮ 1994ರ ಗ್ರಂಥದಲ್ಲಿ ಅದನ್ನು ಎತ್ತಿಕೊಂಡ ಮೇಲೆ ಅದು ಜಗತ್ತಿನ ಮೆಣಸಿನಕಾಯಿ ಸಾಹಿತ್ಯದಲ್ಲೆಲ್ಲ ಓಡಾಡುತ್ತಿದೆ. ದಾಸರ ಕಾಲ 1484ರಿಂದ 1564. ಗೋವೆಯಿಂದ ವಿಜಯನಗರಕ್ಕೆ ಕುದುರೆಗಳ ಸಾಲು ಬರುತ್ತಿದ್ದ ಕಾಲ. ಕುದುರೆಯ ಜೊತೆ ಒಂದು ಹಿಡಿ ಬೀಜ ಬರುವುದು ಅಸಾಧ್ಯವಲ್ಲ. ಆದರೆ ದಾಸರ ಹಾಡುಗಳು ಬಾಯಿಂದ ಬಾಯಿಗೆ ಬಂದವು. ಎಷ್ಟೋ ಅನಾಮಿಕರ ರಚನೆಗಳು ದೊಡ್ಡವರ ಹೆಸರಿಗೆ ಸೇರಿಹೋಗಿವೆ. ಇದೊಂದೇ ಹಾಡನ್ನು ನೆಚ್ಚಿ 1564ಕ್ಕೆ ಮೊದಲೇ ಹಂಪೆಯಲ್ಲಿ ಮೆಣಸಿನಕಾಯಿ ತಿನ್ನುತ್ತಿದ್ದರೆಂದು ಸಾಧಿಸುವುದನ್ನು ನಾನು ಒಪ್ಪಲಾರೆ. ಹಾಡು ಯಾರದೇ ಇರಲಿ, ಅದರಲ್ಲಿ ಮೆಣಸಿನಕಾಯಿ ಬಡವರ ಪಾಲಿನ ಆಸರೆಯಾಗಿ ಕಾಣಿಸಿಕೊಂಡಿದೆ ಎಂಬುದು ನನಗೆ ಅದರ ಕಾಲಕ್ಕಿಂತ ಬೆಲೆಯುಳ್ಳ ಸಂಗತಿ.

ಉಗ್ರಾಣದಿಂದ ಹಿತ್ತಲಿಗೆ

ಕರಿಮೆಣಸು ಮಲೆನಾಡಿನ ಬಳ್ಳಿ. ಅದಕ್ಕೆ ಜಡಿಮಳೆ ಬೇಕು, ನೆರಳು ಬೇಕು, ಹಬ್ಬಲು ಹಾಲುವಾಣವೋ ಅಡಿಕೆಯೋ ಬೇಕು, ಕೈಗೆ ಕಾಳು ಬರಲು ಮೂರು ನಾಲ್ಕು ವರ್ಷ ಕಾಯಬೇಕು. ಅದನ್ನು ಹಾವೇರಿಯ ಎರೆಹೊಲದಲ್ಲಿ ಬೆಳೆಯಲಾಗದು. ಬಯಲುಸೀಮೆಯವನಿಗೆ ಕರಿಮೆಣಸು ಯಾವತ್ತೂ ಘಟ್ಟದಿಂದ ಎತ್ತಿನ ಮೇಲೆ ಬಂದು, ದಾರಿಯ ಸುಂಕಗಳನ್ನೆಲ್ಲ ಹೊತ್ತು, ಸಂತೆಯಲ್ಲಿ ಕಾಸಿಗೆ ಸಿಗುವ ವಸ್ತು. ಮೆಣಸಿನಕಾಯಿಯ ಬೀಜ ಚೆಲ್ಲಿದರೆ ಒಂದೂವರೆ ತಿಂಗಳಿಗೆ ಸಸಿ ಕಿತ್ತು ನೆಡಬಹುದು, ಮುಂದಿನ ಎರಡೂವರೆ ತಿಂಗಳೊಳಗೆ ಹಸಿ ಕಾಯಿ ಕೊಯ್ಯಬಹುದು. ಹಣ್ಣಾದದ್ದನ್ನು ಅಂಗಳದಲ್ಲಿ ಹರವಿ ಒಣಗಿಸಿದರೆ ವರ್ಷದ ಖಾರ. ಅದರಲ್ಲೇ ನಾಲ್ಕು ಕಾಯಿ ತೆಗೆದಿಟ್ಟರೆ ಮುಂದಿನ ವರ್ಷದ ಬೀಜ. ಗಿಡ ಕಳೆದುಹೋದರೂ ಚಿಂತೆಯಿಲ್ಲ, ಹಕ್ಕಿಗಳು ಎಲ್ಲೋ ಉದುರಿಸಿರುತ್ತವೆ. ಹಕ್ಕಿಯ ಬಾಯಿಗೆ ಈ ಖಾರ ಹತ್ತುವುದೇ ಇಲ್ಲ. ಮಲೆನಾಡಿನ ಬೇಲಿಗಳಲ್ಲಿ ತಾನಾಗಿ ಹುಟ್ಟುವ ಸೂಜಿಮೆಣಸು, ಜೀರಿಗೆಮೆಣಸುಗಳು ಹೀಗೆ ಬಂದವು. ಕಾಸರಗೋಡಿನವರ ಗಾಂಧಾರಿ ಮೆಣಸೂ ಇದೇ ಬಳಗದ್ದು.

1800–01ರಲ್ಲಿ ಮೈಸೂರು ಸೀಮೆ, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ವರದಿಯ ಹೊತ್ತಿಗೆ ಮೆಣಸಿನಕಾಯಿ ಕನ್ನಡ ರೈತನ ಮಾಮೂಲು ತೋಟದ ಬೆಳೆ. ಹೊರಗಿನಿಂದ ಬಂದದ್ದೆಂಬ ನೆನಪೂ ಜನರಲ್ಲಿ ಅಳಿಸಿಹೋಗಿತ್ತು.

ಜೋಳದ ರೊಟ್ಟಿ ತಿನ್ನುವ ಸೀಮೆಯಲ್ಲಿ ಇದು ಮಾಡಿದ ಬದಲಾವಣೆ ಅನ್ನ ತಿನ್ನುವ ಸೀಮೆಗಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ರೊಟ್ಟಿಗೆ ನಂಜಿಕೊಳ್ಳಲು ಏನಾದರೂ ಬೇಕು; ತರಕಾರಿ ಎಲ್ಲ ಕಾಲಕ್ಕೂ ಸಿಗದು, ಬೇಳೆಗೆ ಹಣ ಬೇಕು. ಹಣ್ಣು ಮೆಣಸಿನಕಾಯಿಗೆ ಉಪ್ಪು, ಬೆಳ್ಳುಳ್ಳಿ, ಲಿಂಬೆಹುಳಿ ಹಾಕಿ ಅರೆದ ರಂಜಕ ಭರಣಿಯಲ್ಲಿದ್ದರೆ ಊಟ ಆಯಿತು. ಮೇಲೆ ಒಂದು ಚಮಚ ಎಣ್ಣೆಯೋ ಗಟ್ಟಿ ಮೊಸರೋ ಬಿದ್ದರೆ ಹಬ್ಬ. ಹೊಲಕ್ಕೆ ಕಟ್ಟಿಕೊಂಡುಹೋದ ಬುತ್ತಿ ಬಿಚ್ಚಿ, ರೊಟ್ಟಿಯ ಒಂದು ಚೂರನ್ನು ರಂಜಕಕ್ಕೆ ತಾಗಿಸಿ ಬಾಯಿಗಿಡುವ ರೀತಿಯನ್ನು ನೋಡಬೇಕು. ಅದ್ದುವುದಿಲ್ಲ, ತಾಗಿಸುವುದು. ನಾಲಗೆ ಉರಿದು ಬಾಯಲ್ಲಿ ನೀರೂರಿದಾಗ ಒಣ ರೊಟ್ಟಿ ಸಲೀಸಾಗಿ ಇಳಿಯುತ್ತದೆ. ಚೀನದ ಗುಯಿಝೌ ಪ್ರಾಂತದಲ್ಲೂ ಇಂಥದೇ ನಡೆಯಿತು. ಆ ದೇಶದಲ್ಲಿ ಮೆಣಸಿನಕಾಯಿ ಮೊದಲು ಬರಹಕ್ಕೆ ಬಂದದ್ದು 1591ರಲ್ಲಿ, ಗಾವೋ ಲಿಯಾನ್‌ನ ಪುಸ್ತಕದಲ್ಲಿ, ಅಂದದ ಗಿಡವಾಗಿ. ಅದನ್ನು ಊಟಕ್ಕೆ ಎಳೆದುಕೊಂಡವರು ಉಪ್ಪಿಗೂ ಗತಿಯಿಲ್ಲದ ಗುಯಿಝೌ ಗುಡ್ಡಗಾಡಿನ ಬಡವರು. 18ನೆಯ ಶತಮಾನದ ಆರಂಭದ ಸ್ಥಳೀಯ ದಾಖಲೆಗಳು ಅಲ್ಲಿನವರು ಉಪ್ಪಿನ ಬದಲು ಮೆಣಸಿನಕಾಯಿ ಬಳಸುತ್ತಿದ್ದರೆನ್ನುತ್ತವೆ.

ತಿಥಿಯ ಅಡಿಗೆ

ಬರಹದ ಸಾಕ್ಷಿಗಿಂತ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಶ್ರಾದ್ಧದ ಅಡಿಗೆ. ಮಾಧ್ವ, ಸ್ಮಾರ್ತ ಮನೆಗಳ ತಿಥಿಯ ದಿನ ಒಲೆಯ ಹತ್ತಿರ ಮೆಣಸಿನಕಾಯಿ ಸುಳಿಯುವುದಿಲ್ಲ. ಆಲೂಗಡ್ಡೆ, ಟೊಮೆಟೊ, ಎಲೆಕೋಸು, ಹೂಕೋಸು, ಬೀನ್ಸುಗಳಿಗೂ ಪ್ರವೇಶವಿಲ್ಲ. ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆಗಳ ಪಲ್ಯ. ಖಾರಕ್ಕೆ ಕುಟ್ಟಿದ ಕಾಳುಮೆಣಸು, ಜಜ್ಜಿದ ಶುಂಠಿ. ಕಟ್ಟಳೆ ಮನೆಯಿಂದ ಮನೆಗೆ ಒಂದಿಷ್ಟು ಬದಲಾಗುತ್ತದೆ, ಆದರೆ ಮೆಣಸಿನಕಾಯಿಯ ವಿಷಯದಲ್ಲಿ ಹೆಚ್ಚಿನವರು ಸಡಿಲ ಬಿಡುವುದಿಲ್ಲ. ಕಾರಣ ಕೇಳಿದರೆ ‘ಪಿತೃಗಳಿಗೆ ಆಗಿಬರುವುದಿಲ್ಲ’ ಎಂಬ ಉತ್ತರ. ಚರಿತ್ರೆಯ ಕಣ್ಣಿಂದ ನೋಡಿದರೆ ಆ ಉತ್ತರ ಅಕ್ಷರಶಃ ಸರಿ: ಹದಿನೈದು ಇಪ್ಪತ್ತು ತಲೆಮಾರಿನ ಹಿಂದಿನ ಪಿತೃಗಳು ಮೆಣಸಿನಕಾಯಿಯನ್ನು ಕಂಡವರೇ ಅಲ್ಲ. ಹೊರಗಿಟ್ಟ ಪಟ್ಟಿಯನ್ನು ಗಮನಿಸಿದರೆ ಅಮೆರಿಕದಿಂದಲೂ ಯುರೋಪಿನಿಂದಲೂ ಬಂದ ತರಕಾರಿಗಳೇ ಅದರಲ್ಲಿ ತುಂಬಿವೆ. ಶಾಸ್ತ್ರದಲ್ಲಿ ಹೆಸರಿಲ್ಲದ್ದನ್ನು ಎಲೆಗೆ ತರಬಾರದು ಎಂಬ ಹಟವೊಂದು ನಾನೂರು ವರ್ಷ ಹಿಂದಿನ ಉಗ್ರಾಣವನ್ನು ಹಾಗೇ ಉಳಿಸಿಕೊಟ್ಟಿದೆ.

ಬಾಣಂತಿಯ ಊಟವೂ ಇದೇ ದಾರಿಯದು. ಮೆಣಸಿನ ಸಾರು, ಶುಂಠಿ, ಹಿಪ್ಪಲಿ, ಓಮ ಬರಬಹುದು; ಮೆಣಸಿನಕಾಯಿ ಬಾರದು. ಕೌಟಿಲ್ಯನ ಕಟುಕವರ್ಗ ಪೂರ್ತಿಯಾಗಿ ಸತ್ತಿಲ್ಲ, ಸಾವು ಮತ್ತು ಹೆರಿಗೆಯ ಮನೆಗಳಲ್ಲಿ ಉಳಿದುಕೊಂಡಿದೆ. ದೆಹಲಿಯ ಕನ್ನಡ ಮನೆಗಳಲ್ಲೂ ತಿಥಿಗೆ ಬೇಕಾದ ಕಾಳುಮೆಣಸನ್ನು ಊರಿಂದ ತರಿಸಿಕೊಂಡು ಇದೇ ಕ್ರಮ ನಡೆಸುವವರಿದ್ದಾರೆ.

ಇದರಿಂದ ನಾನು ತೆಗೆಯುವ ತೀರ್ಮಾನ ಹೀಗಿದೆ. ಹಳೆಯ ಖಾರ ಔಷಧದ ಪಕ್ಕದಲ್ಲಿ ಕುಳಿತಿತ್ತು. ಕಫ ಕರಗಿಸಬೇಕು, ಅಗ್ನಿ ಎಬ್ಬಿಸಬೇಕು, ಕೊಬ್ಬನ್ನು ಜೀರ್ಣಿಸಬೇಕು ಎಂಬ ಕೆಲಸಗಳಿಗಾಗಿ ಅದನ್ನು ಹಾಕುತ್ತಿದ್ದರು. ಹೊಸ ಖಾರಕ್ಕೆ ಅಂಥ ಕೆಲಸವಿರಲಿಲ್ಲ. ಅದು ರುಚಿಗಾಗಿಯೇ ಬಂತು.

ದೆಹಲಿಗೆ ಬಂದದ್ದು

ಅಕ್ಬರನ ಆಸ್ಥಾನದ ಅಬುಲ್ ಫಜಲ್ 1590ರ ಸುಮಾರಿಗೆ ಮುಗಿಸಿದ ‘ಐನ್–ಇ–ಅಕ್ಬರಿ’ಯಲ್ಲಿ ಅಡಿಗೆಯ ಪ್ರಮಾಣಗಳೂ ಮಸಾಲೆಯ ಧಾರಣೆಗಳೂ ಇವೆ. ಅಲ್ಲಿ ಖಾರಕ್ಕೆ ಇರುವುದು ಕರಿಮೆಣಸು, ಶುಂಠಿ; ಮೆಣಸಿನಕಾಯಿ ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಬೇರೂರಿದ ಗಿಡ ಉತ್ತರದ ಬಾದಶಹನ ಅಡಿಗೆಮನೆಗೆ ಇನ್ನೂ ತಲುಪಿರಲಿಲ್ಲ.

ದೆಹಲಿಗೆ ಖಾರ ಕಲಿಸಿದವರು ಮರಾಠರು ಎಂಬ ಐತಿಹ್ಯವಿದೆ. 1737ರ ಮಾರ್ಚಿ ತಿಂಗಳಲ್ಲಿ ಒಂದನೆಯ ಬಾಜೀರಾಯ ದಿಢೀರನೆ ದೆಹಲಿಯ ಬಾಗಿಲಿಗೆ ಬಂದು ಮೊಗಲ್ ಪಡೆಯನ್ನು ಸೋಲಿಸಿದ್ದು ತಾಲ್‌ಕಟೋರದ ಬಳಿ, ಇಂದಿನ ಚಾಣಕ್ಯಪುರಿಯ ಮಗ್ಗುಲಲ್ಲೇ. ಕಥೆ ಕೇಳಲು ಚೆನ್ನ. ಆದರೆ ಕೆಲವೇ ದಿನ ನಿಂತು ಹೋದ ಕುದುರೆ ದಂಡು ಒಂದು ನಗರದ ನಾಲಗೆಯನ್ನು ಬದಲಿಸೀತೆಂದು ನಂಬುವುದು ಕಷ್ಟ. ಅದಕ್ಕಿಂತ ಔರಂಗಜೇಬನ ಕಾಲವನ್ನು ನೋಡಬೇಕು. 1682ರಿಂದ 1707ರವರೆಗೆ ಕಾಲು ಶತಮಾನ ಆತನ ಸೈನ್ಯ, ಅಡಿಗೆಯವರು, ಗುಮಾಸ್ತರು, ವ್ಯಾಪಾರಿಗಳು ದಖ್ಖನ್ನಿನಲ್ಲೇ ಬೀಡುಬಿಟ್ಟಿದ್ದರು. ವಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಅವರ ಕೈಸೇರಿದವು. ಅಷ್ಟು ವರ್ಷ ವಿಜಾಪುರದ ರೊಟ್ಟಿ–ಖಾರದ ನಡುವೆ ಇದ್ದವರು ಬರಿಗೈಯಲ್ಲಿ ಮರಳಿರಲಾರರು. ಇದು ನನ್ನ ಊಹೆ. ಆದರೆ ಬಾಜೀರಾಯನ ಕಥೆಗಿಂತ ಗಟ್ಟಿಯಾದ ಊಹೆ.

ಅದೇ ತಾಲ್‌ಕಟೋರದ ಕ್ರೀಡಾಂಗಣದಲ್ಲಿ 2023ರ ಫೆಬ್ರವರಿಯಲ್ಲಿ, 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘದ ಅಮೃತ ಮಹೋತ್ಸವ ನಡೆಯಿತು. ಸಾವಿರಾರು ಕನ್ನಡಿಗರು ಅಲ್ಲಿ ಸೇರಿದರು. ರಾಜಧಾನಿಗೆ ದಖ್ಖನ್ನಿನ ಖಾರ ತರುವ ಕೆಲಸ ಈಗ ದಂಡಿನದಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಸೀಟಿನಡಿ ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿಯ ಡಬ್ಬಿಗಳನ್ನು ಜೋಡಿಸಿಕೊಂಡು ಬರುವ ತಾಯಂದಿರದು.

ಉರಿಯಲ್ಲಿ ಏನು ಸುಖ?

ಮೆಣಸಿನಕಾಯಿಯ ಖಾರ ರುಚಿಯೇ ಅಲ್ಲ, ನೋವು. ಅದರ ಮೂಲವಸ್ತುವನ್ನು 1816ರಲ್ಲಿ ಬುಕೋಲ್ಜ್ ಎಂಬಾತ ಬೇರ್ಪಡಿಸಿದ. 1876ರಲ್ಲಿ ಥ್ರೆಷ್ ಅದಕ್ಕೆ ಕ್ಯಾಪ್ಸೈಸಿನ್ ಎಂದು ಹೆಸರಿಟ್ಟ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಅದನ್ನು ಅಳೆಯುವ ಕ್ರಮ ಹೇಳಿದ. ಅದು ನಮ್ಮನ್ನು ಹೇಗೆ ಉರಿಸುತ್ತದೆ ಎಂಬುದು ತಿಳಿದದ್ದು 1997ರಲ್ಲಿ, ಡೇವಿಡ್ ಜೂಲಿಯಸ್ ನರದ ತುದಿಯ ಗ್ರಾಹಕವನ್ನು ಪತ್ತೆಹಚ್ಚಿದಾಗ. ಅದಕ್ಕಾಗಿ ಅವರಿಗೆ 2021ರ ನೊಬೆಲ್ ಸಂದಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಎಚ್ಚರಾಗುವ ಆ ಗ್ರಾಹಕ ಕ್ಯಾಪ್ಸೈಸಿನ್‌ಗೂ ಎಚ್ಚರಾಗುತ್ತದೆ. ಹಾಗಾಗಿ ತಣ್ಣಗಿನ ಉಪ್ಪಿನಕಾಯಿಯೂ ಬಾಯನ್ನು ‘ಸುಡುತ್ತದೆ’. ನೀರು ಕುಡಿದರೆ ತಣಿಯದ ಉರಿ ಮೊಸರನ್ನಕ್ಕೆ ತಣಿಯುವುದು ಹಾಲಿನ ಕೇಸಿನ್‌ನಿಂದ. ಊಟದ ಕೊನೆಗೆ ಮಜ್ಜಿಗೆ ಇಟ್ಟ ನಮ್ಮ ಕ್ರಮಕ್ಕೆ ಪ್ರಯೋಗಾಲಯದ ಬೆಂಬಲ ತಡವಾಗಿ ದೊರಕಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಝಿನ್ 1980ರ ಸುಮಾರಿಗೆ ಮೆಕ್ಸಿಕೋದ ಹಳ್ಳಿಗರನ್ನು ಗಮನಿಸಿ, ದೊಡ್ಡವರು ತಿನ್ನುವುದನ್ನು ನೋಡುತ್ತ ಮಕ್ಕಳು ನಿಧಾನವಾಗಿ ಈ ನೋವನ್ನು ಇಷ್ಟಪಡಲು ಕಲಿಯುತ್ತಾರೆಂದು ತೋರಿಸಿದರು. ಅಪಾಯವಿಲ್ಲವೆಂದು ಗೊತ್ತಿರುವ ನೋವಿನ ಸುಖ ಅದು. ಅವರ ಮಾತಿಗೆ ನಾನೊಂದು ಸೇರಿಸುತ್ತೇನೆ. ಇಂಥ ಕಲಿಕೆಗೆ ಖಾರ ಅಗ್ಗವಾಗಿರಬೇಕು, ದಿನವೂ ಕೈಗೆ ಸಿಗಬೇಕು. ಧರಣದಲ್ಲಿ ತೂಗುವ ಖಾರದಿಂದ ಮಗು ಪಾಠ ಕಲಿಯುವುದಿಲ್ಲ. ಹಿತ್ತಲ ಗಿಡದಿಂದ ಕಲಿಯುತ್ತದೆ. ಮಿರ್ಚಿ ಬಜ್ಜಿಯ ಗಾಡಿಯ ಮುಂದೆ ಗಿರ್ಮಿಟ್ ಹಿಡಿದು ನಿಂತ ಹುಬ್ಬಳ್ಳಿಯ ಹುಡುಗರು, ಮೊದಲು ಬಜ್ಜಿಯ ಹಿಟ್ಟನ್ನಷ್ಟೇ ಬಿಡಿಸಿ ತಿಂದು, ವರ್ಷ ಕಳೆದಂತೆ ಒಳಗಿನ ಕಾಯಿಗೂ ಬಾಯಿ ಹಾಕುತ್ತಾರೆ.

ರಾಯಭಾರಿಗಳ ಬೀದಿಯಲ್ಲಿ

ಚಾಣಕ್ಯಪುರಿಯಲ್ಲಿ ಮೆಣಸಿನಕಾಯಿಯ ಪಯಣದ ಘಟ್ಟಗಳೆಲ್ಲ ಒಂದು ಸಂಜೆಯ ನಡಿಗೆಯ ಅಂತರದಲ್ಲಿವೆ. ಬೀಜ ತಂದ ಪೋರ್ಚುಗಲ್‌ನ ರಾಯಭಾರ ಕಚೇರಿ ಪಂಚಶೀಲ ಮಾರ್ಗದಲ್ಲಿದೆ. ನೀತಿ ಮಾರ್ಗದಲ್ಲಿ ಹಂಗೇರಿ ಇದೆ. ಆ ದೇಶದ ಸೆಗೆಡ್ ಊರಿನ ಕೆಂಪು ಮೆಣಸಿನಕಾಯಿಯಿಂದಲೇ ಸೆಂಟ್–ಗ್ಯೋರ್ಗಿ ಜೀವಸತ್ವ ಸಿಯನ್ನು ರಾಶಿಗಟ್ಟಲೆ ತೆಗೆದು 1937ರಲ್ಲಿ ನೊಬೆಲ್ ಪಡೆದರು. ಚಂದ್ರಗುಪ್ತ ಮಾರ್ಗದಲ್ಲಿ ಭೂತಾನ್. ಅಲ್ಲಿನವರು ಮೆಣಸಿನಕಾಯಿಯನ್ನು ಮಸಾಲೆಯೆಂದು ಲೆಕ್ಕಿಸುವುದೇ ಇಲ್ಲ, ತರಕಾರಿಯಂತೆ ಗಿಣ್ಣಿನ ಜೊತೆ ಬೇಯಿಸಿ ಎಮಾ ದಾತ್ಸಿ ಮಾಡುತ್ತಾರೆ. 2016ರಲ್ಲಿ ಕೀಟನಾಶಕದ ಶೇಷ ಕಂಡಿತೆಂದು ಭಾರತದ ಮೆಣಸಿನಕಾಯಿಯನ್ನು ಭೂತಾನ್ ತಡೆದಾಗ ಅಲ್ಲಿ ಮನೆಮನೆಯೂ ತತ್ತರಿಸಿದ್ದು ಅದಕ್ಕೇ. ಮೂಲದೇಶ ಮೆಕ್ಸಿಕೋದ ಕವಿ ಒಕ್ಟಾವಿಯೋ ಪಾಜ್ 1962ರಿಂದ 1968ರವರೆಗೆ ದೆಹಲಿಯಲ್ಲಿ ರಾಯಭಾರಿಯಾಗಿದ್ದರು. ಭಾರತದ ಮೇಲಿನ ತಮ್ಮ ಪುಸ್ತಕದಲ್ಲಿ ತಮ್ಮೂರಿನ ಮೋಲೆ ಎಂಬ ಗೊಜ್ಜನ್ನೂ ನಮ್ಮ ಮಸಾಲೆ ಸಾರನ್ನೂ ಜೊತೆಗಿಟ್ಟು ನೋಡಿದ್ದಾರೆ.

ಸಂಜೆಯಾದರೆ ಯಶವಂತ ಪ್ಲೇಸಿನ ಮೋಮೋ ಅಂಗಡಿಗಳಲ್ಲಿ ಜನ ಮುತ್ತುತ್ತಾರೆ. ಮೋಮೋ ಹಿಮಾಲಯದ ಕಡೆಯದು, ಮೂಲದಲ್ಲಿ ಸಪ್ಪೆ. ಅದನ್ನು ದೆಹಲಿಯದಾಗಿ ಮಾಡಿದ್ದು ಪಕ್ಕದಲ್ಲಿ ಬಡಿಸುವ ಕೆಂಪು ಚಟ್ನಿ: ನೆನೆಸಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೆಲವರಲ್ಲಿ ಒಂದಿಷ್ಟು ಟೊಮೆಟೊ. ಮೂಗು ಸೋರುತ್ತಿದ್ದರೂ ‘ಇನ್ನೊಂದು ಚೂರು ಹಾಕಿ’ ಎಂದು ತಟ್ಟೆ ಚಾಚುವ ಕಾಲೇಜು ಹುಡುಗಿಯರಿಗೆ ರೋಝಿನ್‌ರ ಸಿದ್ಧಾಂತದ ಅಗತ್ಯವಿಲ್ಲ.

ಕನ್ನಡದ ಖಾರ ಇವರಿಗೆಲ್ಲ ಮಂದವೆನಿಸೀತು. ನಮ್ಮ ಹೆಮ್ಮೆಯ ಬ್ಯಾಡಗಿ ಸುಕ್ಕುಗಟ್ಟಿದ ಸಿಪ್ಪೆಯ, ಕಡುಗೆಂಪಿನ, ಕಡಿಮೆ ಖಾರದ ಕಾಯಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆಯಿತು. ಅದರಲ್ಲೇ ಡಬ್ಬಿ ಎಂಬುದು ದಪ್ಪನೆಯದು, ಕಡ್ಡಿ ಎಂಬುದು ನೀಳವಾದದ್ದು. ಅಡಿಗೆಯವರು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎರಡನ್ನೂ ಕೂಡಿಸಿಯೇ ಹುರಿಯುತ್ತಾರೆ. ಸಣ್ಣ ಉರಿಯಲ್ಲಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಕಾಯಿ ಉಬ್ಬಿ ಗರಿಗರಿಯಾಗುವ ತನಕ. ಒಂದು ಕ್ಷಣ ಮೀರಿದರೆ ಘಾಟೆದ್ದು ಮನೆಮಂದಿಯೆಲ್ಲ ಕೆಮ್ಮಬೇಕು, ಸಾರೂ ಕಪ್ಪಾಗುತ್ತದೆ. 2007ರಲ್ಲಿ ಅಸ್ಸಾಮಿನ ಭೂತ್ ಜೊಲೊಕಿಯಾ ಹತ್ತು ಲಕ್ಷ ಸ್ಕೋವಿಲ್ ದಾಟಿ ಗಿನ್ನೆಸ್ ಸೇರಿದ ಮೇಲೆ ಖಾರದ್ದೊಂದು ಓಟದ ಸ್ಪರ್ಧೆಯೇ ಶುರುವಾಯಿತು. 2023ರಲ್ಲಿ ಪೆಪ್ಪರ್ ಎಕ್ಸ್ ಅದನ್ನು 26,93,000ಕ್ಕೆ ಒಯ್ದಿದೆ. ಬ್ಯಾಡಗಿ ಆ ಓಟದಲ್ಲಿಲ್ಲ. ಅದರ ಬಣ್ಣವನ್ನು ಹಿಂಡಿ ತೆಗೆದ ಓಲಿಯೋರೆಸಿನ್ ತಿಂಡಿಗಳಿಗೂ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ.

ಆದರೂ ಬ್ಯಾಡಗಿಯ ಪೇಟೆಯಲ್ಲಿ ಈಗ ಡಬ್ಬಿ, ಕಡ್ಡಿಗಳಿಗಿಂತ ಹೆಚ್ಚು ಕಾಣುವುದು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಕಡೆಯಿಂದ ಬರುವ ಹೈಬ್ರಿಡ್ ಕಾಯಿ. ಇಳುವರಿ ಜಾಸ್ತಿ, ಖಾರವೂ ಜಾಸ್ತಿ. 2024ರ ಮಾರ್ಚ್ 11ರಂದು ಧಾರಣೆ ಕುಸಿದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಹೆಸರು ಬ್ಯಾಡಗಿಯದೇ ಇದ್ದರೂ ಚೀಲದೊಳಗಿನ ಕಾಯಿ ಬದಲಾಗುತ್ತಿದೆ. ಹತ್ತಿಪ್ಪತ್ತು ವರ್ಷದಲ್ಲಿ ಕೌಟಿಲ್ಯ ಮಾರ್ಗದ ಕ್ಯಾಂಟೀನಿನ ಹುಳಿ ಇಂದಿನದಕ್ಕಿಂತ ಖಾರವಾಗಿರುವುದೇ ಹೆಚ್ಚು ಸಂಭವ, ಬಣ್ಣ ಮಾತ್ರ ಒಂದಿಷ್ಟು ಪೇಲವ.